ಒಲೆಯ ಮುಂದಿನ ತಣ್ಣನೆಯ ಬೆವರು

ನಾಜಿಮಾಳಿಗೆ ಯಾವ ಕೆಲಸವನ್ನೂ ಬೇಗ ಮಾಡಲು ಬರುವುದಿಲ್ಲ ಎಂಬುದು ಮದ್ದೂರಿನ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಾವು ಹಾಸಿಗೆಯ ಹೊದಿಕೆ ಬದಲಿಸಿ, ಮೂಲೆ ಮಡಿಸಿ, ಕೈ ಕೊಡವಿಕೊಳ್ಳುವ ಹೊತ್ತಿಗೆ ಅವಳು ಇನ್ನೂ ದಿಂಬಿನ ಚೀಲದ ಬಾಯಿ ಬಾಗಿಲಿನ ಕಡೆಗಿದೆಯೋ ಗೋಡೆಯ ಕಡೆಗಿದೆಯೋ ಎಂದು ನೋಡುತ್ತಿರುತ್ತಿದ್ದಳು. ರಕ್ತದೊತ್ತಡ ನೋಡುವಾಗ ಪಟ್ಟಿ ಸುತ್ತುವಳು, ಬಿಚ್ಚುವಳು, ರೋಗಿಯ ತೋಳನ್ನು ಇನ್ನೊಂದಿಷ್ಟು ಹಿತವಾಗಿ ಇರಿಸಿ ಮತ್ತೆ ಸುತ್ತುವಳು.

"ನಾಜಿಮಾ, ನೀನು ಬಿಪಿ ಬರಿಯೋ ಹೊತ್ತಿಗೆ ಪೇಷೆಂಟು ಡಿಸ್ಚಾರ್ಜ್ ಆಗಿ ಊರು ಸೇರ್ಕೊಂಡಿರ್ತಾನೆ ಕಣಮ್ಮ," ಎಂದು ನಮಗೆ ಪಾಠ ಹೇಳುವ ವೀಣ ಮೇಡಂ ಅಂದರೆ ತರಗತಿಯೆಲ್ಲ ನಗುತ್ತಿತ್ತು. ನಾಜಿಮಾಳೂ ನಗುತ್ತಿದ್ದಳು. ಕೈ ಮಾತ್ರ ಅದೇ ನಿಧಾನದಲ್ಲಿ ಕೆಲಸ ಮುಂದುವರಿಸುತ್ತಿತ್ತು.

ಅವಳು ಮಳವಳ್ಳಿಯವಳು. ದಿನವೂ ಬೆಳಗಿನ ಬಸ್ಸಿಗೆ ಮದ್ದೂರಿಗೆ ಬರುತ್ತಿದ್ದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿದರೆ ದಾರಿಯುದ್ದಕ್ಕೂ ಗದ್ದೆಗಳನ್ನು ನೋಡುತ್ತ, ತುಟಿಯಲ್ಲೇ ಪಾಠ ಹೇಳಿಕೊಳ್ಳುತ್ತ ಬರುವಳು. ಒಮ್ಮೆ ಅವರ ಮನೆಗೆ ಹೋಗಿದ್ದೆ. ಅವಳ ತಂದೆ ಅಫ್ಸರ್ ಪಾಷಾ ಅವರದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ. ನಾವು ಹೋದಾಗ ರೈತರೊಬ್ಬರು ಅಂಗಡಿಯ ಮುಂದೆ ನಿಂತು ಕೂಗಾಡುತ್ತಿದ್ದರು.

"ಭಾಯ್, ಪೈರು ಒಣಗ್ತಾ ಅದೆ. ಕೊಡಿ ಅತ್ಲಾಗೆ, ಓಯ್ತೀನಿ!"

"ಟೀ ಕುಡೀರಿ ಗೌಡ್ರೆ. ಒಂದ್ಸಲ ಓಡಿಸಿ ನೋಡಿ ಕೊಡ್ತೀನಿ."

"ನಿಮ್ ಟೀ ಕುಡ್ದೂ ಕುಡ್ದೂ ನನ್ ಒಟ್ಟೇನೆ ಬಾವಿ ಆಯ್ತು. ಅಲ್ಲಿಗೇ ಮೋಟಾರು ಇಳುಸ್ಬುಡಿ!"

ಅಫ್ಸರ್ ಪಾಷಾ ನಕ್ಕರೇ ವಿನಾ ಮೋಟಾರು ಕೊಡಲಿಲ್ಲ. ಒಳಗೆ ನಾಜಿಮಾಳ ತಾಯಿ ಮಹಮೂದಾ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತ, "ಅಪ್ಪ ಮಗಳು ಇಬ್ಬರೂ ಹಿಂಗೇ ಕಣಮ್ಮ ಗಗನಾ. ಇವಳು ಹುಟ್ಟಿದ್ದೂ ಡಾಕ್ಟ್ರು ಹೇಳಿದ ದಿನ ದಾಟಿದ ಮೇಲೇನೇ," ಅಂದರು.

ಕೊನೆಯ ವರ್ಷ ನಮಗೆ ಹಳ್ಳಿಯಲ್ಲಿ ಕೆಲಸ. ನಮ್ಮ ತಂಡಕ್ಕೆ ಬಂದದ್ದು ಹೊಳಲು. ಪ್ರತಿ ಸೋಮವಾರ ಅಲ್ಲಿಗೆ ಹೋಗಿ ಬಿಪಿ, ಸಕ್ಕರೆ ಇರುವ ದೊಡ್ಡವರನ್ನೆಲ್ಲ ನೋಡಿಬರಬೇಕು. ತಂಡದ ನಾಯಕತ್ವವನ್ನು ಸರದಿಯಂತೆ ವಹಿಸುತ್ತಿದ್ದರು. ಮೊದಲು ಯಲಿಯೂರಿನ ಸ್ವರೂಪ್ ನಾಯಕನಾದ. ಚುರುಕಿನ ಹುಡುಗ. ಸೂಜಿ ಹಿಡಿದರೆ ನೋವು ಗೊತ್ತಾಗುವ ಮುಂಚೆ ಕೆಲಸ ಮುಗಿದಿರುತ್ತಿತ್ತು. ಆ ವಾರಗಳಲ್ಲಿ ನಾಜಿಮಾಳನ್ನು ಅಂಗನವಾಡಿಯ ಕಡೆಗೆ, ಬಸುರಿಯರನ್ನು ನೋಡಲು ಹಾಕಿದ್ದರು.

ಕಾಲೇಜಿನವರು ನಮಗೆ ಒಂದು ಟ್ಯಾಬ್ ಕೊಟ್ಟಿದ್ದರು. ಸ್ವರೂಪ್ ಬೆರಳು ಚುಚ್ಚಿ ಸಕ್ಕರೆಯ ಅಂಶ ನೋಡುವನು, ಸಂಖ್ಯೆಯನ್ನು ಅದರಲ್ಲಿ ತುಂಬುವುದು ನನ್ನ ಕೆಲಸ. ತುಂಬಿದ ಕೂಡಲೇ ಅದು ಮಂಡ್ಯದಲ್ಲಿ ಕುಳಿತ ಡಾಕ್ಟರಿಗೆ ಕಾಣುತ್ತಿತ್ತು. ಸಂಖ್ಯೆ ಹೆಚ್ಚಿದ್ದರೆ ಹೆಸರು ಕೆಂಪಾಗುತ್ತಿತ್ತು, ಡಾಕ್ಟರು ಫೋನ್ ಮಾಡಿ ಔಷಧಿ ಬದಲಿಸುತ್ತಿದ್ದರು. ಹೊಲದ ಬದುವಿನ ಮೇಲೆ ನಿಂತು ಇಷ್ಟೆಲ್ಲ ಮಾಡಬಹುದಲ್ಲ ಎಂದು ನಮಗೆ ಹೆಮ್ಮೆ.

ಊರಾಚೆ ಒಂದು ಆಲೆಮನೆ ಇತ್ತು. ಕಬ್ಬಿನ ಕಾಲದಲ್ಲಿ ಅಲ್ಲಿಯ ಕೆಲಸಗಾರರು ಬೆಳಿಗ್ಗೆ ಬಂದರೆ ಕತ್ತಲಾಗುವವರೆಗೆ ಅಲುಗಾಡುವ ಹಾಗಿಲ್ಲ. ಹಾಗಾಗಿ ನಾವೇ ಅಲ್ಲಿಗೆ ಹೋಗುತ್ತಿದ್ದೆವು. ದೂರದಿಂದಲೇ ಬೆಲ್ಲದ ಘಮ. ಹತ್ತಿರ ಹೋದರೆ ಹೊಗೆ, ಉರಿ, ಗಾಣದ ಸದ್ದು. ಅಗಲವಾದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿರುತ್ತಿತ್ತು. ಅದರ ಅಂಚಿನಲ್ಲಿ ನಿಂತು ಪಾಕ ನೋಡುವವರು ಕೆಂಪಸಿದ್ದಯ್ಯ. ಪಾಕ ಹದಕ್ಕೆ ಬಂತೇ ಎಂದು ತಿಳಿಯಲು ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಎತ್ತಿ ಉಂಡೆ ಕಟ್ಟಿ ನೋಡುವರು. ದಿನಕ್ಕೆ ಎಷ್ಟು ಸಲವೋ. ಹಾಗೆ ನೋಡಿದ್ದನ್ನು ಬಾಯಿಗೆ ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ದಿನವೂ ಬೆಳಿಗ್ಗೆ ಹೆಂಡತಿ ಮಂಚಮ್ಮ ಇನ್ಸುಲಿನ್ ಚುಚ್ಚಿ ಕಳಿಸುತ್ತಿದ್ದರು.

ಮೊದಲ ಸೋಮವಾರವೇ ಅವರ ಹೆಸರು ಕೆಂಪಾಯಿತು. ಡಾಕ್ಟರು ಇನ್ಸುಲಿನ್ ಹೆಚ್ಚಿಸಿದರು. ಮುಂದಿನ ವಾರ ಇನ್ನೂ ಕೆಂಪು. ಮತ್ತೆ ಹೆಚ್ಚಿಸಿದರು. ಮಂಚಮ್ಮ ಗಂಡನ ಮುದ್ದೆಯನ್ನು ಅರ್ಧ ಮಾಡಿದರು. ಗಾಣದ ಬಾಯಿಗೆ ಕಬ್ಬು ಕೊಡುವ ಪುಟ್ಟಸ್ವಾಮಿಗೂ ಸಕ್ಕರೆ ಇದೆ ಎಂದು ಆಗಲೇ ಗೊತ್ತಾಗಿ, ಆತ ಕಾಫಿಗೆ ಸಕ್ಕರೆ ಬಿಟ್ಟು ಮುಖ ಹುಳ್ಳಗೆ ಮಾಡಿಕೊಂಡು ಓಡಾಡುತ್ತಿದ್ದ.

ಆಮೇಲೆ ನಾಯಕತ್ವ ನಾಜಿಮಾಳಿಗೆ ಬಂತು.

"ಮುಗೀತು. ಲೀಡರಮ್ಮ ಒಂದು ಬೆರಳು ಚುಚ್ಚೋದ್ರೊಳಗೆ ಕಬ್ಬೆಲ್ಲ ಬೆಲ್ಲ ಆಗಿರುತ್ತೆ," ಎಂದ ಸ್ವರೂಪ್, ಆಲೆಮನೆಯ ದಾರಿಯಲ್ಲಿ.

"ಚುಚ್ಚೋದು ನೀನೇ ಚುಚ್ಚಪ್ಪ. ನಾನು ನೋಡ್ತೀನಿ," ಅಂದಳು ಅವಳು.

ಅಂದು ಮಂಚಮ್ಮ ನಮಗಾಗಿ ಆಲೆಮನೆಯ ಬಳಿಯೇ ಕಾಯುತ್ತಿದ್ದರು. ಅವರು ಸೂಜಿ ಹಾಕುವ ರೀತಿ ಸರಿಯಿದೆಯೇ ನೋಡೋಣವೆಂದು ಇನ್ಸುಲಿನ್ ತರಲು ನಾವೇ ಹೇಳಿದ್ದೆವು. ನಮ್ಮನ್ನು ಕಂಡವರೇ ಹತ್ತಿರ ಬಂದರು.

"ನೋಡ್ರವ್ವ, ಯಾಕೋ ಸರೀಗಿಲ್ಲ. ಮೊನ್ನೆ ತಲೆ ತಿರುಗಿ ಕೊಪ್ಪರಿಗೆ ಒಳಿಕ್ಕೇ ಬೀಳೋರು. ಪುಟ್ಟಸ್ವಾಮಿ ಇಡ್ಕಂಡ. ಸಕ್ರೆ ಜಾಸ್ತಿ ಆಗೇ ಇಂಗಾಯ್ತಿರೋದು ಅಲ್ವ? ಇನ್ನೂ ಜಾಸ್ತಿ ಮದ್ದು ಕೊಡ್ಸಿ. ಆ ಕುದಿಯೋದ್ರಲ್ಲಿ ಬಿದ್ರೆ ನಂಗೇನ್ ಸಿಕ್ಕಾದು, ಎಳಿ?"

ನಾನು ಕೊಪ್ಪರಿಗೆಯತ್ತ ನೋಡಿದೆ. ನೊರೆ ಉಕ್ಕಿ ಉಕ್ಕಿ ಇಳಿಯುತ್ತಿತ್ತು. ಅದರ ಪಕ್ಕದಲ್ಲೇ ಕೆಂಪಸಿದ್ದಯ್ಯ ಉದ್ದನೆಯ ಸೌಟು ಹಿಡಿದು, ಯಾರಿಗೋ ಏನೋ ಬೈಯುತ್ತಿದ್ದರು. ಮಾತು ಸ್ವಲ್ಪ ತೊದಲುತ್ತಿತ್ತು.

ಸ್ವರೂಪ್ ಅವರನ್ನು ಕರೆದು ಕಲ್ಲಿನ ಮೇಲೆ ಕೂರಿಸಿದ. ವಾರ್ಡಿನಲ್ಲಿ ಕಲಿತ ಹಾಗೆಯೇ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಬೆರಳು ಒರೆಸಿ, ಆರಲು ಬಿಟ್ಟು, ಚುಚ್ಚಿದ. ಗ್ಲುಕೋಮೀಟರ್ ನಾನೂರ ಮೂವತ್ತೆಂಟು ತೋರಿಸಿತು. ನಾನು ತುಂಬಿದೆ. ಹೆಸರು ಕೆಂಪಾಯಿತು. ಸ್ವಲ್ಪ ಹೊತ್ತಿಗೇ ಡಾಕ್ಟರ ಫೋನ್ ಬಂತು. ಈಗಲೇ ಇನ್ನಷ್ಟು ಇನ್ಸುಲಿನ್ ಕೊಟ್ಟು ಮಂಡ್ಯಕ್ಕೆ ಕರೆತನ್ನಿ ಎಂದರು.

ಸ್ವರೂಪ್ ಮಂಚಮ್ಮನ ಕೈಯಿಂದ ಔಷಧಿ ತೆಗೆದುಕೊಂಡು ಸಿರಿಂಜಿಗೆ ಎಳೆಯತೊಡಗಿದ. ನಾಜಿಮಾ ಅಷ್ಟರಲ್ಲಿ ಕೆಂಪಸಿದ್ದಯ್ಯನವರ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು. ಎಣಿಸಿ ಮುಗಿದ ಮೇಲೂ ಕೈ ಬಿಡಲಿಲ್ಲ. ಅವರ ಹಣೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು.

"ಬುಡವ್ವ ಕೈಯ. ಪಾಕ ಕೆಟ್ಟೋಯ್ತದೆ," ಎಂದು ಅವರು ಕೊಸರಾಡಿದರು.

"ಗಗನಾ, ಇಲ್ಲಿ ಮುಟ್ಟು," ಅಂದಳು.

ಮುಟ್ಟಿದೆ. ಅಲ್ಲಿ ನಿಂತವರೆಲ್ಲ ಬೆವರಿನಲ್ಲಿ ತೊಯ್ದಿದ್ದರು. ನನ್ನ ಬೆನ್ನಿಗೂ ಸಮವಸ್ತ್ರ ಅಂಟಿಕೊಂಡಿತ್ತು. ಆ ಉರಿಯಲ್ಲಿ ಬೆವರದವರೇ ಇಲ್ಲವಾದ್ದರಿಂದ ಕೆಂಪಸಿದ್ದಯ್ಯನವರ ಬೆವರನ್ನು ಯಾರೂ ಗಮನಿಸಿರಲಿಲ್ಲ. ಆದರೆ ಅವರ ಬೆವರು ತಣ್ಣಗಿತ್ತು. ದಿನವಿಡೀ ಒಲೆಯ ಮುಂದೆ ನಿಂತ ಮನುಷ್ಯನ ಮೈ, ನೆರಳಲ್ಲಿಟ್ಟ ನೀರಿನ ಮಡಕೆಯ ಮೈಯ ಹಾಗೆ ತಣ್ಣಗೆ, ಒದ್ದೆಯಾಗಿತ್ತು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಸ್ವರೂಪ್, ತಡಿ."

"ಡಾಕ್ಟ್ರು ಹೇಳ್ತಿದ್ದಾರಲ್ಲೇ. ನಾನೂರ ಮೂವತ್ತೆಂಟು! ತಡಿ ಅಂದ್ರೆ?"

"ತಡಿ ಅಂದ್ರೆ ತಡಿ. ಸಿರಿಂಜು ಕೆಳಗಿಡು."

ಅವಳ ದನಿ ಏರಿರಲಿಲ್ಲ. ಆದರೂ ಅವನು ಇಟ್ಟ. ಡಾಕ್ಟರು ಇನ್ನೂ ಲೈನಿನಲ್ಲಿದ್ದರು. ಅವಳು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಸರ್, ನಾನು ನಾಜಿಮಾ, ಈ ತಂಡದ ಲೀಡರು. ಪೇಷೆಂಟ್ ಮೈ ತಣ್ಣಗಿದೆ, ಕೈ ನಡುಗ್ತಿದೆ, ಮಾತು ತೊದಲ್ತಿದೆ. ಇವರು ಬೆಲ್ಲದ ಪಾಕ ನೋಡೋರು, ಬೆರಳೆಲ್ಲ ಅಂಟಂಟು. ಕೈ ತೊಳೆಸಿ ಇನ್ನೊಂದು ಸಲ ನೋಡ್ತೀನಿ. ಅಲ್ಲೀತನಕ ಇನ್ಸುಲಿನ್ ಕೊಡಲ್ಲ ಸರ್."

ಕಾಲೇಜು ಹುಡುಗಿಯೊಬ್ಬಳು ಡಾಕ್ಟರಿಗೆ 'ಕೊಡಲ್ಲ' ಅಂದದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

"ನೋಡಮ್ಮ, ಬೇಗ," ಎಂದರು ಡಾಕ್ಟರು. "ಲೈನಲ್ಲೇ ಇರ್ತೀನಿ."

ಪುಟ್ಟಸ್ವಾಮಿ ಬಿಂದಿಗೆಯಲ್ಲಿ ನೀರು ತಂದ. ನಾಜಿಮಾ ಕೆಂಪಸಿದ್ದಯ್ಯನವರ ಕೈಗೆ ಸೋಪು ಹಚ್ಚಿ ತಾನೇ ತೊಳೆಯತೊಡಗಿದಳು. ಬೆರಳ ಸಂದಿ, ಉಗುರಿನ ಅಂಚು, ಸುಟ್ಟು ಗಟ್ಟಿಯಾದ ತುದಿ, ಒಂದನ್ನೂ ಬಿಡಲಿಲ್ಲ. ಕಂದುಬಣ್ಣದ ನೀರು ಮಣ್ಣಿಗೆ ಇಳಿಯಿತು. ಬೇಗ, ಬೇಗ ಎಂದು ಕೂಗಬೇಕೆನಿಸಿ ತುಟಿ ಕಚ್ಚಿಕೊಂಡೆ. ಅವಳು ಇನ್ನೊಮ್ಮೆ ನೀರು ಹಾಕಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸ್ವರೂಪನ ಕಡೆ ನೋಡಿದಳು.

"ನೀನೇ ಚುಚ್ಚು. ನಿನ್ನ ಕೈ ಹಗುರ."

ಗ್ಲುಕೋಮೀಟರಿನಲ್ಲಿ ನಲವತ್ತನಾಲ್ಕು ಮೂಡಿತು.

ಸ್ವರೂಪ್ ಕೆಳಗಿಟ್ಟಿದ್ದ ಸಿರಿಂಜನ್ನು ಇನ್ನಷ್ಟು ದೂರ ಸರಿಸಿದ. ಮೀಟರು ಸುಳ್ಳು ಹೇಳಿರಲಿಲ್ಲ. ಬೆರಳಿಗೆ ಮೆತ್ತಿದ್ದ ಬೆಲ್ಲವನ್ನೂ ಅದು ರಕ್ತದ ಸಕ್ಕರೆಯೊಂದಿಗೆ ಸೇರಿಸಿ ತೋರಿಸಿತ್ತು. ಸ್ಪಿರಿಟ್ಟಿಗೆ ಆ ಅಂಟು ಬಿಡುವುದಿಲ್ಲ. ಇಷ್ಟು ವಾರ ನಾವು ಅಳೆದದ್ದು ಆಲೆಮನೆಯನ್ನು. ಆ ಸಂಖ್ಯೆಗೆ ತಕ್ಕಂತೆ ಏರಿದ ಇನ್ಸುಲಿನ್ನು, ಅರ್ಧವಾದ ಮುದ್ದೆ, ಎರಡೂ ಸೇರಿ ಈ ಮನುಷ್ಯನ ಮೈಯೊಳಗಿನ ಸಕ್ಕರೆಯನ್ನು ತಳ ಮುಟ್ಟಿಸಿದ್ದವು. ಸಿರಿಂಜಿನಲ್ಲಿದ್ದದ್ದು ಒಳಗೆ ಹೋಗಿದ್ದರೆ ಅವರು ಮಂಡ್ಯ ತಲುಪುತ್ತಿದ್ದರೋ ಇಲ್ಲವೋ.

"ಸಿಹಿ ಕೊಡಿ, ತಕ್ಷಣ," ಎಂದರು ಡಾಕ್ಟರು. ನಾಜಿಮಾ ಅದಕ್ಕೆ ಮುಂಚೆಯೇ ಗಾಣದಿಂದ ಒಂದು ಲೋಟ ಕಬ್ಬಿನ ಹಾಲು ಹಿಡಿಸಿದ್ದಳು. ಆದರೆ ಮಂಚಮ್ಮ ಅಡ್ಡ ನಿಂತುಬಿಟ್ಟರು.

"ಏನವ್ವ ನೀನು? ಸಕ್ರೆ ಕಾಯ್ಲೆ ಗಂಡಸ್ಗೆ ಕಬ್ಬಿನಾಲು ಉಯ್ತಿಯಾ? ಇಸ ಉಯ್ದಂಗೆ ಅಲ್ವ ಅದು!"

"ಅವ್ವ, ನಿಮ್ಮ ಯಜಮಾನ್ರಿಗೆ ಸಕ್ಕರೆ ಜಾಸ್ತಿಯಾಗಿಲ್ಲ. ಖಾಲಿಯಾಗಿದೆ."

"ಇಷ್ಟ್ ದಿನ ಜಾಸ್ತಿ ಅಂದ್ರಿ. ಈಗ ಖಾಲಿ ಅಂತೀರಿ. ಯಾವ್ದ ನಂಬಾದು ನಾನು?"

ನಾಜಿಮಾ ವಾದಿಸಲಿಲ್ಲ. ಮಂಚಮ್ಮನ ಕೈ ಹಿಡಿದು ಗಂಡನ ಕುತ್ತಿಗೆಯ ಮೇಲೆ ಇರಿಸಿದಳು.

"ನನ್ನ ಮಾತು ಬೇಡ. ಮುಟ್ಟಿ ನೋಡಿ. ಒಲೆ ಮುಂದೆ ನಿಂತೋರ ಮೈ ಹಿಂಗಿರುತ್ತಾ?"

ಮಂಚಮ್ಮ ಕೈ ತೆಗೆಯಲೇ ಇಲ್ಲ. "ಅಯ್ಯೋ, ಐಸು ಇದ್ದಂಗೈತಲ್ಲಪ್ಪ," ಅಂದವರು ತಾವೇ ಲೋಟ ಕಸಿದುಕೊಂಡು ಗಂಡನ ಬಾಯಿಗೆ ಹಿಡಿದರು. ಅವರು ಗುಟುಕು ಗುಟುಕಾಗಿ ಕುಡಿದರು. ನಾಜಿಮಾ ಗಂಟಲಿನ ಮೇಲೆ ಕಣ್ಣಿಟ್ಟು, ಪ್ರತಿ ಗುಟುಕೂ ಇಳಿಯಿತೇ ಎಂದು ನೋಡುತ್ತಿದ್ದಳು.

ಕಾದೆವು. ಬೆಂಕಿಗೆ ಕಬ್ಬಿನ ಸಿಪ್ಪೆ ಹಾಕುವವನೂ ಕೆಲಸ ಬಿಟ್ಟು ಬಂದು ನಿಂತಿದ್ದ. ಮೊದಲು ಅವರ ಕೈಯ ನಡುಕ ನಿಂತಿತು. ಆಮೇಲೆ ಕಣ್ಣಿಗೆ ಬೆಳಕು ಬಂತು. ಸುತ್ತ ನೋಡಿ ಹುಬ್ಬು ಗಂಟಿಕ್ಕಿದರು.

"ಯಾಕ್ಲಾ ಎಲ್ಲ ನನ್ ಮಖ ನೋಡ್ಕಂಡು ನಿಂತಿದ್ದೀರಿ? ಪಾಕ ಯಾರ್ಲಾ ನೋಡ್ತಾ ಇರೋದು?"

"ಪಾಕ ಸೀದೋಯ್ತು ಕಣಣ್ಣೋ," ಎಂದ ಪುಟ್ಟಸ್ವಾಮಿ. "ನೀನು ಉಳ್ಕಂಡೆ."

ಎಲ್ಲರೂ ನಕ್ಕರು. ಮಂಚಮ್ಮ ನಗಲಿಲ್ಲ. ತಮ್ಮ ಬಲಗೈಯನ್ನೇ ನೋಡುತ್ತ ಕೂತಿದ್ದರು.

"ನಾನೇ ಅಲ್ವ ದಿನಾ ಸೂಜಿ ಆಕ್ದೋಳು? ಇದೇ ಕೈಯಲ್ಲಿ..."

ನಾಜಿಮಾ ಅವರ ಎದುರು ಮಣ್ಣಿನಲ್ಲೇ ಕೂತು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಳಿ ಸಮವಸ್ತ್ರ ಎಂಬುದನ್ನೂ ನೋಡಲಿಲ್ಲ.

"ಅವ್ವ, ನಾವು ಹೇಳಿದಷ್ಟು ಹಾಕಿದ್ರಿ. ಒಂದು ದಿನಾನೂ ತಪ್ಪಿಸ್ಲಿಲ್ಲ. ಅಳತೆ ತಪ್ಪಿದ್ದು ನಾವು. ನಿಮ್ಮ ಕೈ ಅಲ್ಲ."

ಆಮೇಲೆ ಅವರಿಬ್ಬರನ್ನೂ ಮಂಡ್ಯದ ಆಸ್ಪತ್ರೆಗೆ ಕಳಿಸಿದೆವು. ಒಂದು ಲೋಟ ಕಬ್ಬಿನ ಹಾಲಿನಿಂದ ಇದು ಮುಗಿಯುವುದಿಲ್ಲ, ಬೆಳಿಗ್ಗೆ ಹಾಕಿದ ಇನ್ಸುಲಿನ್ ಇನ್ನೂ ಮೈಯಲ್ಲಿದೆ, ಸಕ್ಕರೆ ಮತ್ತೆ ಇಳಿಯಬಹುದು ಎಂದು ನಾಜಿಮಾ ಮಂಚಮ್ಮನಿಗೆ ಬಿಡಿಸಿ ಹೇಳಿ, ತಿನ್ನಲು ಕೊಟ್ಟು, ವಾಹನ ಹತ್ತಿಸಿದಳು. ಹೊರಡುವ ಮುಂಚೆ ಉಳಿದವರೆಲ್ಲರ ಕೈ ತೊಳೆಸಿ ಮತ್ತೆ ನೋಡೋಣ ಅಂದಳು. ಪುಟ್ಟಸ್ವಾಮಿಯ ಸರದಿ ಬಂದಾಗ ಸ್ವರೂಪ್ ಮೀಟರನ್ನು ಎರಡು ಸಲ ನೋಡಿ, "ಅಣ್ಣ, ನಿಮಗೆ ಸಕ್ಕರೆ ಕಾಯಿಲೆನೇ ಇಲ್ಲ," ಅಂದ.

"ಲೇ! ಇಷ್ಟ್ ದಿನ ಆ ಕಾಳ್‌ಕೂಟ ಕಾಫಿ ಕುಡ್ಸುದ್ರಲ್ಲಾ ನಂಗೆ! ನನ್ನೆಡ್ತಿ ಅಬ್ಬದ ದಿನಾನೂ ಒಬ್ಬಟ್ಟು ಮುಟ್ಟುಸ್ನಿಲ್ಲ ಕಣ್ಲಾ!"

ಮರುದಿನ ವೀಣ ಮೇಡಂ ನಡೆದದ್ದನ್ನು ತರಗತಿಯ ಮುಂದೆ ಹೇಳಲು ನಾಜಿಮಾಳನ್ನು ಕರೆದರು. ಅವಳು ಹೇಳಿದಳು, ತನ್ನ ಎಂದಿನ ನಿಧಾನದಲ್ಲಿ. "ನಮ್ಮ ತಂಡ ಕೈ ತೊಳೆಸಿರಲಿಲ್ಲ" ಎಂದಳು. ಯಾರ ಹೆಸರನ್ನೂ ಎತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ಸ್ವರೂಪ್ ತಾನಾಗಿ ಎದ್ದು ನಿಂತ. "ಚುಚ್ಚಿದ್ದು ನಾನು ಮೇಡಂ. ಎಲ್ಲ ವಾರಾನೂ."

ಮೇಡಂ ಅವನನ್ನು ಬೈಯುತ್ತಾರೆ ಎಂದುಕೊಂಡೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೂತ್ಕೋ. ವಾರ್ಡಲ್ಲಿ ಮಲಗಿರೋ ಪೇಷೆಂಟಿಗೆ ಹೇಗೆ ಮಾಡ್ಬೇಕು ಅಂತ ಕಲಿಸಿದ್ದೆ. ಕೆಲಸದಲ್ಲಿರೋ ಮನುಷ್ಯನಿಗೆ ಹೇಗೆ ಅಂತ ನಾನೂ ಹೇಳಿರ್ಲಿಲ್ಲ." ಮಂಡ್ಯದ ಡಾಕ್ಟರು ಟ್ಯಾಬಿನಲ್ಲಿ ಹೊಸದೊಂದು ಪ್ರಶ್ನೆ ಸೇರಿಸಲು ಹೇಳಿದ್ದಾರೆಂದೂ ತಿಳಿಸಿದರು. ಈಗ ಸಂಖ್ಯೆ ತುಂಬುವ ಮೊದಲು ಅದು ಕೇಳುತ್ತದೆ: ಕೈ ತೊಳೆಸಿದಿರಾ?

ಸಂಜೆ ಮಳವಳ್ಳಿಯ ಬಸ್ಸಿಗೆ ಕಾಯುತ್ತಿದ್ದಾಗ ನಾಜಿಮಾಳನ್ನು ಕೇಳಿದೆ, "ನಿಂಗೆ ಹೇಗೆ ಹೊಳೀತೇ?" ಮೋಟಾರು ಅಂಗಡಿಯಲ್ಲಿ ಕಲಿತದ್ದೋ, ತಂದೆ ಹೇಳಿಕೊಟ್ಟದ್ದೋ ಏನೋ ಒಂದು ಇರಬೇಕೆಂದು ನನ್ನ ಊಹೆ.

ಅವಳು ಆಶ್ಚರ್ಯದಿಂದ ನೋಡಿದಳು. "ಎರಡನೇ ವರ್ಷದ ಪುಸ್ತಕದಲ್ಲಿತ್ತಲ್ಲೇ. ಸಕ್ಕರೆ ಇಳಿದ್ರೆ ತಣ್ಣನೆ ಬೆವರು, ನಡುಕ, ತೊದಲು, ಸಿಡುಕು. ನೀನೂ ಬರೆದಿದ್ದೆ. ನಂಗಿಂತ ಜಾಸ್ತಿ ಮಾರ್ಕ್ಸ್ ಬಂದಿತ್ತು ನಿಂಗೆ."

ನಿಜ. ನಾನು ಬರೆದಿದ್ದೆ. ಅದನ್ನು ಒಬ್ಬ ಮನುಷ್ಯನ ಕುತ್ತಿಗೆಯ ಮೇಲೆ ಓದಬಹುದೆಂದು ನನಗೆ ಕಲಿಸಿದವಳು ಅವಳು. ನಮಗೆ ನಾಯಕತ್ವದ ಬಗ್ಗೆಯೂ ಒಂದು ಪಾಠವಿದೆ. ಅದರ ಲಕ್ಷಣಗಳು, ವಿಧಗಳು ಎಲ್ಲ ಬಾಯಿಗೆ ಬರುತ್ತವೆ. ಆದರೆ ಆ ಮಾತು ಕೇಳಿದಾಗ ನನಗೆ ಕಾಣುವುದು ಮಣ್ಣಿನಲ್ಲಿ ಕೂತ ಹುಡುಗಿ, ಒಬ್ಬ ಹೆಂಗಸಿನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿರುವುದು. ಇಂಥವಳ ಪಕ್ಕದಲ್ಲಿ ನಿಂತು ಕಲಿಯುವಂತಾಯಿತಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವಳೆದುರು ಹೇಳಿಲ್ಲ. ಹೇಳಿದರೆ "ಬಸ್ಸು ಬಂತಾ ನೋಡೇ" ಅನ್ನುವವಳು ಅವಳು.

ಈಗ ನಾವು ಆಲೆಮನೆಯವರನ್ನು ನೋಡಲು ಮುಂಜಾನೆಯೇ, ಅವರು ಕೆಲಸಕ್ಕೆ ಹೊರಡುವ ಮೊದಲು ಮನೆಗೇ ಹೋಗುತ್ತೇವೆ. ಕೆಂಪಸಿದ್ದಯ್ಯನವರ ಇನ್ಸುಲಿನ್ ಮೊದಲಿನ ಮಟ್ಟಕ್ಕಿಂತಲೂ ಕೆಳಗಿಳಿದಿದೆ, ಮುದ್ದೆ ಪೂರ್ತಿಯಾಗಿದೆ. ಕೆಲವು ವಾರ ಬಿಟ್ಟು ಮತ್ತೆ ಕೊಪ್ಪರಿಗೆಯ ಮುಂದೆ ನಿಲ್ಲಲು ಡಾಕ್ಟರು ಒಪ್ಪಿದರು. ಒಪ್ಪಿಗೆ ಬಂದ ಮೇಲಿನ ಮೊದಲ ಸೋಮವಾರ ನಾವು ಹೋದಾಗ ಅವರು ಜಗಲಿಯ ಮೇಲೆ ಕೂತಿದ್ದರು. ಆಗಷ್ಟೇ ತೊಳೆದ ಕೈಗಳನ್ನು ಏನಕ್ಕೂ ತಾಗಿಸದೆ, ಮೊಣಕಾಲಿನ ಮೇಲೆ ಎತ್ತಿ ಹಿಡಿದಿದ್ದರು. ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಮಂಚಮ್ಮ ಚೊಂಬು ಹಿಡಿದು ನಿಂತಿದ್ದರು.

ನಾಜಿಮಾ ಬೆರಳು ಒರೆಸಿ ಚುಚ್ಚಿದಳು. ನೂರ ಅರವತ್ತೆರಡು.

"ಜಾಸ್ತಿನಾ?" ಎಂದರು ಕೆಂಪಸಿದ್ದಯ್ಯ.

"ಸ್ವಲ್ಪ ಜಾಸ್ತಿ."

"ಇರ್ಲಿ ಬುಡವ್ವ. ನಂದೇ ತಾನೆ?"

"ನಿಮ್ಮದೇ."

ಅವರು ತಲೆದೂಗಿ ಎದ್ದರು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಆಲೆಮನೆಯ ಕಡೆ ನಡೆದರು. ಮಂಚಮ್ಮ ಬಾಗಿಲಲ್ಲೇ ನಿಂತು, ಹೆಜ್ಜೆ ನೆಟ್ಟಗೆ ಬೀಳುತ್ತಿದೆಯೇ ಎಂದು ತಿರುವಿನವರೆಗೂ ನೋಡಿದರು. ಆಮೇಲೆ ಒಳಗೆ ಹೋಗಿ ನಮಗೆ ಕಾಫಿಗೆ ನೀರಿಟ್ಟರು.